ಬಿತ್ತುವವನ ಸಾಮ್ಯವನ್ನು ನಮ್ಮ ರೈತರಿಗೆ ಹೇಗೆ ಹೇಳೋದು?

ಹಾವೇರಿ ಸಭಾಪಾಲಕ:
ಎಲ್ಲರಿಗೂ ವಂದನೆ. ಕಳೆದ ಭಾನುವಾರ ಬೈಬಲಿನ ಮತ್ತಾಯ 13ನೇ ಅಧ್ಯಾಯದ ಬಿತ್ತುವವನ ಸಾಮ್ಯದ (ಯೇಸು ಹೇಳಿದ ದೃಷ್ಟಾಂತ ಕಥೆ) ಮೇಲೆ ಪ್ರಸಂಗ ಮಾಡಿದೆ. ಬಿತ್ತುವಾಗ ಕೆಲವು ಕಾಳು ದಾರಿಗೆ ಬಿದ್ದು ಹಕ್ಕಿಯ ಪಾಲಾಗುತ್ತವೆ, ಕೆಲವು ಬಂಡೆಯ ನೆಲಕ್ಕೆ, ಕೆಲವು ಮುಳ್ಳಿಗೆ, ಉಳಿದವು ಒಳ್ಳೇ ನೆಲಕ್ಕೆ ಬೀಳುತ್ತವೆ; ದೇವರ ವಾಕ್ಯ ಕೇಳುವ ಹೃದಯಗಳೂ ಹಾಗೇ. ಇಂಗ್ಲಿಷ್ ವೆಬ್‌ಸೈಟಿನಿಂದ ಟಿಪ್ಪಣಿ ಇಳಿಸಿಕೊಂಡಿದ್ದೆ. ನಾಲ್ಕು ನೆಲ, ನಾಲ್ಕು ಹೃದಯ, ನಡುವೆ ಹಿಮ ಕರಗುವ ಒಂದು ಉದಾಹರಣೆ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು: "ಅಯ್ಯನವರ, ಕೂರಿಗಿ ಹೊಡದ್ರ ಕಾಳು ದಾರಿಗೆ ಯಾಕ ಬೀಳ್ತಾವ? ಅಂವಗ ಹೊಲದ ಕೆಲಸ ಗೊತ್ತಿದ್ದಿಲ್ಲೇನು?" ನನಗೆ ಉತ್ತರ ತೋಚಲಿಲ್ಲ. ಸಾಲು ಹಿಡಿದು ಬಿತ್ತುವ ಸಾಧನವಾದ ಕೂರಿಗೆಯ ಬಟ್ಟಲಿಗೆ ಕಾಳು ಬಿಟ್ಟು ಬಿಟ್ಟು ಅವರ ಬೆರಳು ಸವೆದಿವೆ. ಇನ್ನು ಮುಂದೆ ಕಥೆಯನ್ನೇ ನಮ್ಮ ಕೂರಿಗೆಗೆ ಬದಲಾಯಿಸಿ ಹೇಳಿದರೆ ತಪ್ಪಾಗುತ್ತಾ?

ಬಲ್ಮಠದ ಅಕ್ಕ:
ಬದಲಾಯಿಸಬೇಡಿ ಅಯ್ಯನವರೇ. ಗಲಿಲಾಯದಲ್ಲಿ ಆಗ ಕೈಯಲ್ಲಿ ಮುಷ್ಟಿ ಮುಷ್ಟಿ ಎರಚಿ ಬಿತ್ತುತ್ತಿದ್ದರು. ಗುಡ್ಡದ ಹೊಲ, ನಡುವೆಯೇ ಕಾಲುದಾರಿ, ತೆಳು ಮಣ್ಣಿನ ಕೆಳಗೆ ಬಂಡೆ. ಕೂರಿಗೆಯ ತಾಳಿನಿಂದ ಕಾಳು ಸಾಲಿಗೇ ಇಳಿಯುತ್ತೆ, ಕೈಯಿಂದ ಎರಚಿದ್ದು ಎಲ್ಲಿ ಬೇಕಾದರೂ ಬೀಳುತ್ತೆ. ಕೂರಿಗೆ ಹಾಕಿದರೆ ದಾರಿಯೂ ಇಲ್ಲ, ಹಕ್ಕಿಯೂ ಇಲ್ಲ, ಸಾಮ್ಯವೇ ಉಳಿಯಲ್ಲ. ಅಷ್ಟು ಧಾರಾಳವಾಗಿ ಚೆಲ್ಲುವವನು ಯಾರು ಅಂತ ಅಜ್ಜಿ ಕೇಳಿದ್ದಾರೆ, ಅಲ್ವಾ? ಪ್ರಸಂಗ ಅಲ್ಲಿಂದಲೇ ಶುರುವಾಗಬೇಕಿತ್ತು.

ಧಾರವಾಡದ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ನನಗೆ ನೋವಾಗಿದ್ದು ಆ ಹಿಮದ ಉದಾಹರಣೆ. ಕಿಟೆಲ್ ಜರ್ಮನಿಯಿಂದ ಬಂದ ಮಿಶನರಿ. 1862ರಲ್ಲೇ 'ಕಥಾಮಾಲೆ'ಯಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು. 1894ರಲ್ಲಿ ನಿಘಂಟು. ಇನ್ನೊಬ್ಬ ಜರ್ಮನ್ ಮಿಶನರಿ ಮೊಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಸುವಾರ್ತೆ ಸಾರಲು ಬಂದವರು ಮೊದಲು ಇಲ್ಲಿಯವರ ಹಾಡಿಗೆ ಕಿವಿ ಕೊಟ್ಟರು. ಇಲ್ಲೇ ಹುಟ್ಟಿದ ನಾವು ಹಾವೇರಿಯಲ್ಲಿ ನಿಂತು ಹಿಮದ ಮಾತಾಡ್ತೀವಿ.

ಬೆಂಗಳೂರು ಯುವಜನ:
ಮೇಷ್ಟ್ರೇ, ಸ್ವಲ್ಪ ನಿಧಾನ. ನಮ್ಮ ತಂದೆ ಸಭಾಪಾಲಕರು. ಐದು ಹಳ್ಳಿ ನೋಡಿಕೊಳ್ಳುತ್ತಿದ್ದರು. ಶುಕ್ರವಾರ ಸಾವು, ಶನಿವಾರ ಮದುವೆ, ರಾತ್ರಿ ಹನ್ನೊಂದಕ್ಕೆ ಬೈಬಲ್ ತೆರೆಯುತ್ತಿದ್ದರು. ಕನ್ನಡದಲ್ಲಿ ವ್ಯಾಖ್ಯಾನದ ಪುಸ್ತಕ ಅವರ ಹತ್ತಿರ ಇದ್ದದ್ದು ಎರಡೇ. ಇಂಗ್ಲಿಷ್ ಟಿಪ್ಪಣಿ ಇಲ್ಲದಿದ್ದರೆ ಏನು ಮಾಡಬೇಕಿತ್ತು? ಅದನ್ನು ಓದೋದು ತಪ್ಪಲ್ಲ. ಓದಿ ಮುಚ್ಚಿಟ್ಟು, ಆಮೇಲೆ ಹೊಲದ ಕಡೆ ಒಂದು ಸುತ್ತು ಹೋಗಿ ಬರಬೇಕು ಅಷ್ಟೆ.

ಶಿವಮೊಗ್ಗದ ಕಥೋಲಿಕ:
ನಮ್ಮಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ತನಕ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಲ್ಯಾಟಿನ್‌ನಲ್ಲಿ ಇತ್ತು. ಆಮೇಲೆ ಕನ್ನಡ ಬಂತು. ಆದರೆ ಪ್ರಬೋಧನೆಯ (ನೀವು ಹೇಳುವ ಪ್ರಸಂಗದ) ಕನ್ನಡ ಇವತ್ತಿಗೂ ಜಾಸ್ತಿ ಪುಸ್ತಕದ್ದು. ಇನ್ನೊಂದು ಮಾತು. ಸಂಸ್ಕೃತಿ ಅಂತ ಸುಮ್ನೆ ಒಂದು ವಚನ ತಂದು ಪ್ರಸಂಗದ ತುದಿಗೆ ಅಂಟಿಸಬೇಡಿ. ನನ್ನ ಲಿಂಗಾಯತ ಗೆಳೆಯ ಒಮ್ಮೆ ಕೇಳಿದ: "ಬಸವಣ್ಣನ ಅರ್ಧ ಸಾಲು ತಗೊಂಡ್ರಿ, ಮಿಕ್ಕಿದ್ದು ಎಲ್ಲಿ?" ತಗೊಂಡರೆ ಪೂರ್ತಿ ಓದಿ, ಅದರ ಅರ್ಥ ಕೆಡಿಸದೆ ತಗೊಳ್ಳಿ.

ಧಾರವಾಡದ ಮೇಷ್ಟ್ರು:
ಒಪ್ಪಿದೆ. ತಮ್ಮಾ, ನಿಮ್ಮ ತಂದೆಯವರ ಕಷ್ಟ ನನಗೆ ಹೊಳೆದಿರಲಿಲ್ಲ. ಕನ್ನಡದಲ್ಲಿ ಬರೆಯಬಲ್ಲ ನಾವು ಬರೆಯದೇ ಕೂತಿದ್ದೇವೆ, ಅದು ನಮ್ಮ ತಪ್ಪು.

ಹಾವೇರಿ ಸಭಾಪಾಲಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಅದೇ ಭಾಗ ಮತ್ತೆ ತೆಗೆದುಕೊಳ್ಳುತ್ತೇನೆ. ಶನಿವಾರ ಅಜ್ಜಿ ಮನೆಗೆ ಹೋಗಿ ಬಿತ್ತನೆಯ ಬಗ್ಗೆ ಕೇಳಿಕೊಂಡು ಬರ್ತೀನಿ.

ಬಲ್ಮಠದ ಅಕ್ಕ:
ಹಾಗೇ ಒಂದು ಪ್ರಶ್ನೆ ಕೇಳಿ ಬನ್ನಿ. ಅಷ್ಟು ಜೋಪಾನವಾಗಿ ಬಿತ್ತಿದ ಮೇಲೂ ಹುಟ್ಟದೇ ಹೋಗೋ ಕಾಳು ಎಷ್ಟು, ಮಳೆ ಕೈಕೊಟ್ಟ ವರ್ಷ ಮತ್ತೆ ಬಿತ್ತೋಕೆ ಧೈರ್ಯ ಎಲ್ಲಿಂದ ಬಂತು ಅಂತ. ಅವರು ಏನು ಹೇಳಿದರು ಅಂತ ಇಲ್ಲಿ ಬರೀರಿ.