ಬೇಸ್‌ಬಾಲ್ ಸಿಮ್‌ನಲ್ಲಿ (ಕಂಪ್ಯೂಟರ್ ಗೇಮು) 116 ಮ್ಯಾಚ್ ಗೆದ್ದ ಎರಡೂ ಟೀಮ್ ಆಡ್ಸಿದೆ, 1906ರ ಕಬ್ಸೇ ಚಚ್ಚಾಕ್ತಿದೆ. ನನ್ ಸೆಟ್ಟಿಂಗ್ ತಪ್ಪಾ?

ಬೆಂಚ್‌ಕಾಯೋನು:
ವೀಕೆಂಡ್ ಪೂರ್ತಿ ಇದೇ ಕೆಲಸ, ತಲೆ ಕೆಟ್ಟೋಗಿದೆ. ಮೇಜರ್ ಲೀಗ್ ಇತಿಹಾಸದಲ್ಲಿ ಒಂದೇ ಸೀಸನ್‌ಗೆ 116 ಮ್ಯಾಚ್ ಗೆದ್ದಿರೋದು ಎರಡೇ ಟೀಮು, 1906ರ ಶಿಕಾಗೋ ಕಬ್ಸ್ (116-36), 2001ರ ಸಿಯಾಟಲ್ ಮ್ಯಾರಿನರ್ಸ್ (116-46). ಎರಡಕ್ಕೂ ಕಪ್ ಸಿಗ್ಲಿಲ್ಲ ಅನ್ನೋದೇ ಮಜಾ, ಕಬ್ಸ್ ವರ್ಲ್ಡ್ ಸೀರೀಸ್‌ನಲ್ಲಿ (ಎರಡು ಲೀಗ್ ಚಾಂಪಿಯನ್‌ಗಳ ಫೈನಲ್ಲು) ಅದೇ ಊರಿನ ವೈಟ್ ಸಾಕ್ಸ್ ಕೈಲಿ 4-2 ಸೋತ್ರು, ಮ್ಯಾರಿನರ್ಸ್ ಅಂತೂ ಅಲ್ಲೀತನಕನೂ ಹೋಗ್ಲಿಲ್ಲ, ಯಾಂಕೀಸ್ 4-1ಕ್ಕೆ ಮುಗಿಸಿ ಮನೆಗೆ ಕಳ್ಸಿದ್ರು. ಸೋತವರಿಬ್ರನ್ನೇ ಎದುರುಬದುರು ನಿಲ್ಸೋಣ ಅಂತ ಸಿಮ್‌ನಲ್ಲಿ ಏಳು ಮ್ಯಾಚ್‌ಗಳ ಸೀರೀಸ್ ಹಾಕ್ದೆ.

ನಾರ್ಮಲೈಸ್ ಆನ್ ಇದೆ, ಅಂದ್ರೆ ಆಯಾ ಕಾಲದ ಲೀಗ್ ಸರಾಸರಿಗೆ ಹೋಲಿಸಿ ಆಡ್ಸತ್ತೆ. ಹತ್ತು ಸೀರೀಸ್ ಓಡ್ಸಿದೆ, ಎಂಟು ಕಬ್ಸ್ ಗೆದ್ರು! ಇಡೀ ಸೀಸನ್‌ಗೆ ಟೀಮೆಲ್ಲಾ ಸೇರಿ 20 ಹೋಮ್ ರನ್ ಹೊಡೆದವ್ರು ಸ್ವಾಮಿ ಅವ್ರು, ಈ ಕಡೆ ಬ್ರೆಟ್ ಬೂನ್ ಒಬ್ನೇ 37 ಹೊಡ್ದಿದಾನೆ, ಇಚಿರೋ 242 ಹಿಟ್. ಯಾರಾದ್ರೂ ಬಿಡ್ಸಿ ಹೇಳಿ.

ಹಳೇಚೆಂಡು:
ಸೆಟ್ಟಿಂಗ್ ತಪ್ಪಿಲ್ಲ ಗುರು, ನೀನು ಕೇಳಿದ್ದನ್ನೇ ಅದು ಕೊಡ್ತಿದೆ. ಲೆಕ್ಕ ನೋಡು. 1906ರ ನ್ಯಾಷನಲ್ ಲೀಗ್‌ನಲ್ಲಿ ಇಆರ್‌ಎ (ಫೀಲ್ಡರ್ ತಪ್ಪು ಬಿಟ್ಟು ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಕೊಡೋ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು) ಸರಾಸರಿ 2.6ರ ಸುತ್ತಮುತ್ತ, ಕಬ್ಸ್‌ದು 1.75. ಅಂದ್ರೆ ಉಳಿದವರಿಗಿಂತ ಮೂರನೇ ಒಂದು ಭಾಗ ಕಮ್ಮಿ. 2001ರ ಅಮೆರಿಕನ್ ಲೀಗ್‌ನಲ್ಲಿ ಸರಾಸರಿ 4.5ರ ಹತ್ರ, ಮ್ಯಾರಿನರ್ಸ್ 3.54, ಅದು ಲೀಗ್‌ನಲ್ಲೇ ಬೆಸ್ಟು ಆದ್ರೂ ಬರೀ ಐದನೇ ಒಂದು ಭಾಗ ಕಮ್ಮಿ. ರನ್ ಲೆಕ್ಕನೂ ಹಂಗೇ, ಮ್ಯಾರಿನರ್ಸ್ 927 ಹೊಡೆದು 627 ಕೊಟ್ರು, ಕಬ್ಸ್ 700 ಚಿಲ್ಲರೆ ಹೊಡೆದು 381 ಅಷ್ಟೇ ಕೊಟ್ರು. ಕಬ್ಸ್ ಪಿಚರ್ ಮೊರ್ಡಿಕಾಯ್ ಬ್ರೌನ್ ಇಆರ್‌ಎ ಆ ವರ್ಷ 1.04, ಅದನ್ನ 2001ರ ಅಳತೆಗೆ ಹಿಗ್ಗಿಸಿದ್ರೂ 1.8 ಆಗತ್ತೆ. ಮೆಷಿನ್‌ಗೆ ಇದಿಷ್ಟೇ ಕಾಣೋದು, ಪಾಪ ಅದೇನ್ ಮಾಡತ್ತೆ.

ನಿಜವಾದ ಪ್ರಾಬ್ಲಮ್ ಅಂದ್ರೆ ಯಾರ ಮೇಲೆ ಆ 1.75 ಅನ್ನೋದು. ಎಂಟೇ ಟೀಮಿನ ಲೀಗು, ಕೊನೇಲಿದ್ದ ಬಾಸ್ಟನ್ 49-102, ಕಬ್ಸ್‌ಗಿಂತ ಅರವತ್ತಾರೂವರೆ ಗೇಮ್ ಹಿಂದೆ! ಅಂಥವ್ರನ್ನ ವರ್ಷವೆಲ್ಲಾ ಬಡಿದ್ರೆ ಅಂಕಿ ಚೆನ್ನಾಗೇ ಬರತ್ತೆ. ನಾರ್ಮಲೈಸ್ ಮಾಡಿದ್ರೆ ಚೆಂಡು, ಗ್ರೌಂಡು, ಕಾಲದ ವ್ಯತ್ಯಾಸ ಸರಿಹೋಗತ್ತೆ, ಎದುರಾಳಿ ಎಷ್ಟು ಗಟ್ಟಿ ಅನ್ನೋದು ಸರಿಹೋಗಲ್ಲ. ಅದಕ್ಕೆ ಸಿಮ್‌ನಲ್ಲಿ ಬೇರೆ ಸ್ಲೈಡರ್ ಸೆಟ್ಟಿಂಗ್ ಇದ್ರೆ ನೀನೇ ತಿರುಗಿಸ್ಬೇಕು, ಎಷ್ಟು ತಿರುಗಿಸ್ಬೇಕು ಅಂತ ಕೇಳ್ಬೇಡ, ಅಲ್ಲೇ ಜಗಳ ಶುರುವಾಗೋದು.

ಎಡ್ಗರ್‌ಭಕ್ತ:
ಯಾವ ಕಾಲದ ರೂಲ್ಸು? ಡಿಎಚ್ (ಪಿಚರ್ ಬದಲು ಬ್ಯಾಟಿಂಗ್ ಮಾತ್ರ ಮಾಡೋನು) ಇಲ್ದೆ ಆಡ್ಸಿದ್ರೆ ಮ್ಯಾರಿನರ್ಸ್ ಡಿಎಚ್ ಎಡ್ಗರ್ ಮಾರ್ಟಿನೆಝ್ ಬೆಂಚಲ್ಲಿ, ಅಮೆರಿಕನ್ ಲೀಗ್‌ಗೆ ಡಿಎಚ್ ಬಂದಿದ್ದೇ 1973ರಲ್ಲಿ. ಇನ್ನು 1906ನ್ನ ಪೂರ್ತಿ ನಿಜವಾಗೇ ತಗೊಂಡ್ರೆ ಮ್ಯಾರಿನರ್ಸ್‌ನ ಕಪ್ಪು ಆಟಗಾರ ಮೈಕ್ ಕ್ಯಾಮರನ್‌ನ ಮೇಜರ್ ಲೀಗ್ ಗ್ರೌಂಡಿಗೇ ಇಳಿಸ್ತಿರ್ಲಿಲ್ಲ, ಆ ಬಣ್ಣದ ತಡೆ ಮುರಿದು ಜಾಕಿ ರಾಬಿನ್ಸನ್ ಬರೋಕೆ 1947 ಆಗ್ಬೇಕಾಯ್ತು. ಕಬ್ಸ್ ಗೆಲ್ತಿದ್ದ ಅದೇ ಕಾಲದಲ್ಲಿ ಕಪ್ಪು ಪಿಚರ್ ರೂಬ್ ಫಾಸ್ಟರ್ ಕಪ್ಪು ಆಟಗಾರರ ಟೀಮು ಫಿಲಡೆಲ್ಫಿಯಾ ಜೈಂಟ್ಸ್‌ಗೆ ಎಸೀತಿದ್ದ, ಕಬ್ಸ್ ಬ್ಯಾಟರ್‌ಗಳು ಲೀಗ್‌ನಲ್ಲಿ ಒಂದ್ಸಲಾನೂ ಅವ್ನನ್ನ ಎದುರಿಸ್ಲಿಲ್ಲ. ಹಳೇಚೆಂಡು ಹೇಳಿದ ಸ್ಲೈಡರ್‌ಗೆ ಇದೂ ಸೇರ್ಸಿ.

ಮೂರನೇಬೇಸ್:
ಅದೆಲ್ಲ ಇರ್ಲಿ, ಮೊದ್ಲು ಇದು ಹೇಳು: ಸಿಮ್‌ನಲ್ಲಿ ಬ್ರೌನ್ ಒಂದು ಸೀರೀಸ್‌ಗೆ ಎಷ್ಟು ಮ್ಯಾಚ್ ಎಸೀತಿದಾನೆ? ಪಿಚರ್ ಸುಸ್ತಾಗೋ ಸೆಟ್ಟಿಂಗ್ ಆನ್ ಇದ್ಯಾ? ಅಸಲಿ 1906ರ ಸೀರೀಸ್ ಕೈ ಬಿಟ್ಟಿದ್ದೇ ಇಲ್ಲಿ. ಮೊದಲನೇ ಮ್ಯಾಚ್ ಬ್ರೌನ್ ಎಸೆದು 2-1 ಸೋತ, ಅಕ್ಟೋಬರ್ 12ಕ್ಕೆ ನಾಲ್ಕನೇದು 1-0 ಗೆಲ್ಲಿಸ್ಕೊಟ್ಟ, ಮಧ್ಯೆ ಒಂದೇ ದಿನ ರೆಸ್ಟು, 14ಕ್ಕೆ ಆರನೇ ಮ್ಯಾಚ್‌ಗೂ ಅವ್ನನ್ನೇ ಇಳಿಸಿದ ಕ್ಯಾಪ್ಟನ್ ಕಮ್ ಮ್ಯಾನೇಜರ್ ಫ್ರಾಂಕ್ ಚಾನ್ಸ್. ಎರಡನೇ ಇನ್ನಿಂಗ್ಸ್ ಮುಗಿಯೋಕೆ ಮುಂಚೆನೇ ವಾಪಸ್ ಕರೀಬೇಕಾಯ್ತು, 8-3. ವೈಟ್ ಸಾಕ್ಸ್‌ಗೆ ಜನ ಇಟ್ಟಿದ್ದ ಅಡ್ಡಹೆಸರು ‘ಹಿಟ್‌ಲೆಸ್ ವಂಡರ್ಸ್’ (ಹಿಟ್ಟೇ ಇಲ್ಲದ ಅದ್ಭುತಗಳು) ಅಂತ ಬೇರೆ.

ಬ್ರೌನ್‌ನ ಆ ಕೈ ನೆನೆಸ್ಕೊಳ್ಳಿ, ಚಿಕ್ಕ ಹುಡುಗ ಇದ್ದಾಗ ಹೊಲದ ಮೆಷಿನ್‌ಗೆ ಬಲಗೈ ಸಿಕ್ಕಿ ತೋರುಬೆರಳಿನ ಹೆಚ್ಚಿನ ಭಾಗ ಹೋಗಿತ್ತು, ಉಳಿದ ಮೋಟು ಮೇಲೆ ಚೆಂಡು ಉರುಳಿಸಿ ಬಿಡ್ತಿದ್ದ, ಅದೇ ಅವನ ಕರ್ವ್ (ತಿರುಗೋ ಚೆಂಡು). ಸಿಮ್‌ಗೆ ಆ ಕೈ ಸುಸ್ತಾಗತ್ತೆ ಅಂತ ನೀನು ಹೇಳ್ದೆ ಹೋದ್ರೆ ಗೊತ್ತಾಗಲ್ಲ.

ಕಾಸುಚಿಮ್ಮು:
ಹತ್ತು ಸೀರೀಸ್ ಏನೂ ಅಲ್ಲ ಸಾರ್. ಎರಡು ಟೀಮ್ ಸರಿಸಮ ಇದ್ರೂ ಹತ್ತರಲ್ಲಿ ಎಂಟೋ ಅದಕ್ಕಿಂತ ಜಾಸ್ತಿನೋ ಯಾವ್ದಾದ್ರೂ ಒಂದು ಕಡೆಗೇ ಬೀಳೋದು ನೂರಕ್ಕೆ 11 ಸಲ ಆಗತ್ತೆ. ಒಂದು ಮ್ಯಾಚ್ ಗೆಲ್ಲೋ ಚಾನ್ಸ್ 55% ಇದ್ರೆ ಏಳರ ಸೀರೀಸ್ ಗೆಲ್ಲೋದು 61%, 60% ಇದ್ರೆ 71%, ಅಷ್ಟೇ. ಸಾವಿರ ಓಡ್ಸಿ ಆಮೇಲೆ ತಲೆ ಕೆಡಿಸ್ಕೊಳ್ಳಿ.

ಬೆಂಚ್‌ಕಾಯೋನು:
ಮೂರನೇಬೇಸ್, ಕಾಲು ತೋರ್ಸಪ್ಪಾ ನಮಸ್ಕಾರ ಮಾಡ್ತೀನಿ. ಸುಸ್ತು ಆಫ್ ಇತ್ತು 🤦 ಬ್ರೌನ್ ಒಂದೊಂದು ಸೀರೀಸ್‌ನಲ್ಲಿ ನಾಲ್ಕು ಮ್ಯಾಚ್ ಎಸೀತಿದ್ದ, ನಾನು ಸ್ಕೋರ್ ಅಷ್ಟೇ ನೋಡ್ತಿದ್ದೆ. ಈಗ ಸುಸ್ತು ಆನ್, ಎರಡೂ ಕಡೆ ಡಿಎಚ್, ಸಾವಿರ ಸೀರೀಸ್: ಕಬ್ಸ್ 538, ಮ್ಯಾರಿನರ್ಸ್ 462. ಆಮೇಲೆ 1906ರ ಲೀಗ್‌ನ ಮಟ್ಟ ಒಂಚೂರು ಇಳಿಸ್ದೆ, ನಿಜವಾಗ್ಲೂ ಒಂಚೂರೇ, ಮ್ಯಾರಿನರ್ಸ್ 600 ದಾಟಿದ್ರು. ಅಂದ್ರೆ ಗೆಲ್ಸೋನು ನಾನೇ ಅಂತಾಯ್ತಲ್ಲ.

ಒಂದು ಸೀರೀಸ್ ಮಾತ್ರ ಬಾಲ್ ಬಾಲ್ ಕೂತು ನೋಡ್ದೆ. ಮ್ಯಾರಿನರ್ಸ್ 3-2 ಮುಂದೆ, ಆರನೇ ಮ್ಯಾಚ್, ಒಂದೇ ದಿನ ರೆಸ್ಟ್ ಆಗಿರೋ ಬ್ರೌನ್‌ನ ಕಂಪ್ಯೂಟರ್ ಫ್ರಾಂಕ್ ಚಾನ್ಸ್ ಮತ್ತೆ ಇಳಿಸಿದ, ನಗು ಬಂತು. ಇಚಿರೋ ಬಂಟ್ ಮಾಡಿ (ಚೆಂಡನ್ನ ಮೆಲ್ಲಗೆ ತಟ್ಟಿ) ಮೊದಲನೇ ಬೇಸ್ ತಲುಪಿದ, ಮುಂದಿನ ಬಾಲ್‌ಗೇ ಎರಡನೇ ಬೇಸ್ ಕದಿಯೋಕೆ ಓಡಿದ, ಕ್ಯಾಚರ್ ಕ್ಲಿಂಗ್ ಎಸೆದ ಚೆಂಡು ಎವರ್ಸ್ ಕೈಗೆ ಸಿಗದೆ ಸೆಂಟರ್‌ಫೀಲ್ಡ್ ಕಡೆ ಉರುಳ್ತು, ಬೂನ್ ಬಂದು ಗೋಡೆ ಆಚೆ ಕಳ್ಸಿದ. ಮೂರನೇ ಇನ್ನಿಂಗ್ಸ್‌ಗೇ ಬ್ರೌನ್ ಹೊರಗೆ. ಅಸಲಿಗಿಂತ ಒಂದು ಇನ್ನಿಂಗ್ಸ್ ಜಾಸ್ತಿ ನಿಂತ ಪುಣ್ಯಾತ್ಮ. ಮ್ಯಾರಿನರ್ಸ್ 4-2.

ಮುಂದಿನ ರೌಂಡ್‌ಗೆ ಯಾರನ್ನ ಹಾಕ್ಲಿ? 1906ರ ವೈಟ್ ಸಾಕ್ಸ್ ಫೈಲ್ ಕೂಡ ಇದೆ.

ಎಡ್ಗರ್‌ಭಕ್ತ:
ಯಾರನ್ನಾದ್ರೂ ಹಾಕು, 2001ರ ಯಾಂಕೀಸ್ ಒಂದು ಬೇಡ ದಯವಿಟ್ಟು.