ಪುಟ್ಟ ಮಗುವಿನ ಬಾಯಿ ತುಂಬ ಹುಳುಕು: ವಿದ್ಯಾರ್ಥಿಗಳಿಗೆ ಹೇಗೆ ಕಲಿಸುತ್ತೀರಿ?

ಪ್ರಶ್ನೆ: ಮಕ್ಕಳ ದಂತ ಚಿಕಿತ್ಸೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ನಮ್ಮ ಅಂತಿಮ ವರ್ಷದವರು ಪ್ಲಾಸ್ಟಿಕ್ ಹಲ್ಲಿನ ಮೇಲೆ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರೆ. ಆದರೆ ಎರಡೂವರೆ ವರ್ಷದ ಮಗು ಅಳಲು ಶುರುಮಾಡಿದರೆ ಅವರಿಗೆ ಕೈಕಾಲೇ ಆಡುವುದಿಲ್ಲ. ನೀವು ಹೇಗೆ ಕಲಿತಿರಿ, ಹೇಗೆ ಕಲಿಸುತ್ತೀರಿ?

ಉತ್ತರ 1: ಮೊದಲ ದಿನ ವಿದ್ಯಾರ್ಥಿಗಳ ಕೈಗೆ ಉಪಕರಣವನ್ನೇ ಕೊಡಬೇಡಿ. ತಾಯಿ ಮತ್ತು ವಿದ್ಯಾರ್ಥಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತುಕೊಳ್ಳಲಿ. ತಾಯಿಯ ಕಡೆಗೆ ಮುಖ ಮಾಡಿ ಕುಳಿತ ಮಗುವನ್ನು ಹಿಂದಕ್ಕೆ ಒರಗಿಸಿದರೆ ತಲೆ ವಿದ್ಯಾರ್ಥಿಯ ತೊಡೆಯ ಮೇಲೆ ಬರುತ್ತದೆ, ಕೈಗಳು ತಾಯಿಯ ಹಿಡಿತದಲ್ಲಿರುತ್ತವೆ. ಅತ್ತರೆ ಅಳಲಿ, ಬಾಯಿ ತಾನಾಗಿಯೇ ತೆರೆಯುತ್ತದೆ. ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ಒಸಡಿನ ಅಂಚಿನಲ್ಲಿರುವ ಸುಣ್ಣದಂಥ ಬಿಳಿ ಗೆರೆಯನ್ನು ತೋರಿಸಿ. ಹುಳುಕು ಶುರುವಾಗುವುದು ಅಲ್ಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಮೇಲಿನ ಮುಂಬಲ್ಲುಗಳೆಲ್ಲ ಕರಗಿರುವಾಗ ಕೆಳಗಿನವು ಏಕೆ ಚೆನ್ನಾಗಿವೆ? ಹಾಲಿನ ಬಾಟಲಿ ಕಚ್ಚಿಕೊಂಡು ಮಲಗುವಾಗ ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿರುತ್ತದೆ, ಜೊಲ್ಲು ತೊಳೆಯುತ್ತಿರುತ್ತದೆ. ಈ ಉತ್ತರವನ್ನು ತಾವೇ ಕಂಡುಕೊಂಡವರು ಅದನ್ನು ಎಂದೂ ಮರೆತಿಲ್ಲ.

ಉತ್ತರ 2: ನಾನು ಓದುವಾಗ ಹುಳುಕನ್ನು ಪೂರ್ತಿ ಕೆರೆದು ತೆಗೆಯದಿದ್ದರೆ ಅಂಕವೇ ಇರಲಿಲ್ಲ. ಆ ಅಭ್ಯಾಸ ಬಿಡಲು ನನಗೆ ವರ್ಷಗಳೇ ಬೇಕಾದವು. 38% ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ ಔಷಧಿ ಹಚ್ಚಿದರೆ ಹಲ್ಲನ್ನು ಕೊರೆಯದೆಯೇ ಎಷ್ಟೋ ಹುಳುಕುಗಳು ಮುಂದುವರಿಯದೆ ನಿಲ್ಲುತ್ತವೆ. ಹುಳುಕು ಹಿಡಿದ ಭಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಆ ಕಪ್ಪನ್ನು ಹಚ್ಚುವ ಮೊದಲೇ ಫೋಟೋದಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದನ್ನೂ ಚಿಕಿತ್ಸೆಯ ಭಾಗವೆಂದೇ ಕಲಿಸಿ. ದವಡೆ ಹಲ್ಲಿಗೆ ಹಾಲ್ ವಿಧಾನವಿದೆ: ಚುಚ್ಚುಮದ್ದಿಲ್ಲ, ಕೊರೆಯುವುದಿಲ್ಲ, ಸ್ಟೀಲ್ ಕ್ಯಾಪ್ ಕೂರಿಸಿ ಹುಳುಕನ್ನು ಒಳಗೇ ಮುಚ್ಚಿಬಿಡುವುದು. ಮಗುವನ್ನು ನೆಟ್ಟಗೆ ಕೂರಿಸಿ, ಕ್ಯಾಪ್ ಗಂಟಲಿಗೆ ಜಾರದಂತೆ ಅದನ್ನು ಅಂಟುಪಟ್ಟಿಯಿಂದ ಹಿಡಿದುಕೊಳ್ಳುವುದನ್ನು ಮೊದಲು ಅಭ್ಯಾಸ ಮಾಡಿಸಿ. ಕೀವು ತುಂಬಿದ್ದರೆ ಅಥವಾ ಮಗು ರಾತ್ರಿ ನೋವಿನಿಂದ ಎದ್ದು ಕೂರುತ್ತಿದ್ದರೆ ಆ ಹಲ್ಲಿಗೆ ಈ ವಿಧಾನ ಸಲ್ಲದು.

ಉತ್ತರ 3: ಪದವಿ ಮುಗಿದು ಹೆಚ್ಚು ಕಾಲವಾಗಿಲ್ಲ, ವಿದ್ಯಾರ್ಥಿಯ ಕಡೆಯಿಂದ ಹೇಳುತ್ತೇನೆ. ಸಾಮಾನ್ಯ ಅರಿವಳಿಕೆಯಲ್ಲಿ, ಅಂದರೆ ಮಗುವಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ, ಇಡೀ ಬಾಯಿಗೆ ಚಿಕಿತ್ಸೆ ಕೊಡುವುದನ್ನು ನಾನು ಒಂದೇ ಸಲ, ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಂತು ನೋಡಿದ್ದೆ. ಎಂಟು ಹಲ್ಲಿಗೆ ಒಂದೇ ಬೆಳಿಗ್ಗೆ ಕೆಲಸವಾಯಿತು, ಎಲ್ಲರಿಗೂ ಖುಷಿ. ವರ್ಷ ತುಂಬುವ ಮೊದಲೇ ಅದೇ ಮಗು ಹೊಸ ಹುಳುಕಿನೊಂದಿಗೆ ಮರಳಿ ಬಂತು. ಹಲ್ಲು ಸರಿಯಾದರೂ ರೋಗ ಹಾಗೆಯೇ ಉಳಿದಿರುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಥಿಯೇಟರಿಗೆ ಕಳಿಸುವುದಾದರೆ ಮೂರು ತಿಂಗಳ ಮರುಭೇಟಿಗೂ ಅದೇ ವಿದ್ಯಾರ್ಥಿಯನ್ನೇ ಕೂರಿಸಿ.

ಇನ್ನೊಂದು ಮಾತು, ಕೇಸ್ ಹಾಳೆಯಲ್ಲಿ ಮೊದಲು ಮಗುವಿನ ತೂಕ ಬರೆಸಿ. ಹಲ್ಲಿನ ಜಾಗ ಮರಗಟ್ಟಿಸಲು ಚುಚ್ಚುವ ಲಿಗ್ನೊಕೇನ್ ಔಷಧಿಯ ಮಿತಿ ಕಿಲೋಗೆ 4.4 ಮಿಲಿಗ್ರಾಂ ಎಂದಿಟ್ಟುಕೊಂಡರೆ 12 ಕಿಲೋ ಮಗುವಿಗೆ 52.8 ಮಿಲಿಗ್ರಾಂ. 2% ದ್ರಾವಣದ 1.8 ಮಿಲಿಲೀಟರ್ ಕಾರ್ಟ್ರಿಜ್‌ನಲ್ಲೇ (ಸಿರಿಂಜಿಗೆ ಹಾಕುವ ಔಷಧಿ ಕೊಳವೆ) 36 ಮಿಲಿಗ್ರಾಂ ಇರುತ್ತದೆ. ಅಂದರೆ ಒಂದೂವರೆ ಕಾರ್ಟ್ರಿಜ್ ಕೂಡ ಹೆಚ್ಚಾಯಿತು. ಈ ಲೆಕ್ಕ ಮೊದಲ ಬಾರಿ ಮಾಡಿದಾಗ ನಾನು ನಡುಗಿದ್ದೆ.

ಉತ್ತರ 4: ತಂದೆ ತಾಯಿಯೊಡನೆ ಮಾತನಾಡುವುದಕ್ಕೂ ಅಂಕ ಇಡಿ. "ಹಾಲುಹಲ್ಲು ತಾನೆ, ಬಿದ್ದುಹೋಗುತ್ತದೆ" ಎಂದವರಿಗೆ, ಹಿಂದಿನ ದವಡೆ ಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ಬೇಕು ಎಂದು ತಾಳ್ಮೆಯಿಂದ ಹೇಳಬೇಕು. ನಮ್ಮ ಒಬ್ಬ ವಿದ್ಯಾರ್ಥಿನಿ ತಪ್ಪು ಯಾರದೆಂದು ಕೇಳಲಿಲ್ಲ, "ರಾತ್ರಿ ಮಗು ಹೇಗೆ ಮಲಗುತ್ತದೆ?" ಎಂದಷ್ಟೇ ಕೇಳಿದಳು. ತಾಯಿ ಎಲ್ಲವನ್ನೂ ಹೇಳಿದರು. ಇಬ್ಬರೂ ಸೇರಿ ಒಂದೇ ಬದಲಾವಣೆ ಒಪ್ಪಿಕೊಂಡರು: ಬಾಟಲಿ ಮುಗಿದ ಮೇಲೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ ಮಲಗಿಸುವುದು. ಮುಂದಿನ ಸಲ ಬಂದಾಗ ಆ ಮಗು ಕುರ್ಚಿ ಹತ್ತುವ ಮೊದಲೇ ತುಟಿಯನ್ನು ತಾನೇ ಎತ್ತಿ ತೋರಿಸಿತು.