ಸ್ತಾನಿಸ್ಲಾವ್‌ಸ್ಕಿ ಹೇಳಿಕೊಟ್ಟದ್ದೇ ಅಮೆರಿಕದ 'ಮೆಥಡ್' ನಟನೆಯಾ?

ಮೂರನೇ_ಬೆಲ್:
ರಷ್ಯದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಪಾಠ, ಅಮೆರಿಕದ 'ಮೆಥಡ್' ಎರಡೂ ಒಂದೇ ಅಂತ ಹಲವು ಕಡೆ ಬರೆದಿರುತ್ತಾರೆ. ಆದರೆ ಅವನ ಪುಸ್ತಕ 'ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್'ನಲ್ಲಿ ಭಾವಸ್ಮರಣೆ (ಸ್ವಂತ ಹಳೆಯ ಅನುಭವ ನೆನೆದು ಭಾವ ತರುವುದು) ಹಲವು ಅಧ್ಯಾಯಗಳಲ್ಲಿ ಒಂದು ಮಾತ್ರ. ನ್ಯೂಯಾರ್ಕಿನಲ್ಲಿ ಅದೇ ಮುಖ್ಯವಾದದ್ದು ಹೇಗೆ? ಆ ಅಭ್ಯಾಸದ ಕ್ರಮವೂ ಗೊತ್ತಿದ್ದರೆ ತಿಳಿಸಿ.

ಸೈಡ್‌ವಿಂಗ್:
ರಷ್ಯನ್ನರು ಅಮೆರಿಕಕ್ಕೆ ತಲುಪಿದ ಕಾಲವೇ ಇದಕ್ಕೆ ಕಾರಣ. ಸ್ತಾನಿಸ್ಲಾವ್‌ಸ್ಕಿಯ ತಂಡ ಮಾಸ್ಕೋ ಆರ್ಟ್ ಥಿಯೇಟರ್ 1923ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು ಚೆಕಾಫ್, ಗೋರ್ಕಿ ನಾಟಕಗಳನ್ನು ರಷ್ಯನ್ನಿನಲ್ಲೇ ಆಡಿತು. ಅದೇ ವರ್ಷ, ಆ ತಂಡದಲ್ಲಿ ಪಳಗಿದ್ದ ರಿಚರ್ಡ್ ಬೊಲೆಸ್ಲಾವ್‌ಸ್ಕಿ ಅಲ್ಲೇ ಲ್ಯಾಬೊರೇಟರಿ ಥಿಯೇಟರ್ ಶುರುಮಾಡಿದ. ಅಲ್ಲಿ ಪಾಠ ಹೇಳಿದ ಇನ್ನೊಬ್ಬರು ಮರಿಯಾ ಉಸ್ಪೆನ್‌ಸ್ಕಾಯ. ಮುಂದೆ ಅಮೆರಿಕದಲ್ಲಿ ನಟನೆಯ ಗುರುಗಳಾದ ಲೀ ಸ್ಟ್ರಾಸ್‌ಬರ್ಗ್, ಸ್ಟೆಲ್ಲಾ ಆ್ಯಡ್ಲರ್ ಕಲಿತದ್ದು ಇವರ ಹತ್ತಿರ. ಬೊಲೆಸ್ಲಾವ್‌ಸ್ಕಿ, ಉಸ್ಪೆನ್‌ಸ್ಕಾಯ ಹೊತ್ತು ತಂದದ್ದು ಸ್ತಾನಿಸ್ಲಾವ್‌ಸ್ಕಿಯ ಆರಂಭದ ಪಾಠ, ಅಂದರೆ ಭಾವಸ್ಮರಣೆಗೆ ಹೆಚ್ಚು ತೂಕವಿದ್ದ ಘಟ್ಟ. ಸ್ತಾನಿಸ್ಲಾವ್‌ಸ್ಕಿಯೇ ಆಮೇಲೆ ದೈಹಿಕ ಕ್ರಿಯೆಯ ಕಡೆ ಹೊರಳಿದ.

1931ರಲ್ಲಿ ನ್ಯೂಯಾರ್ಕಿನ ನಾಟಕ ತಂಡ ಗ್ರೂಪ್ ಥಿಯೇಟರ್ ಹುಟ್ಟಿತು, ಅಲ್ಲಿ ಸ್ಟ್ರಾಸ್‌ಬರ್ಗ್ ಇದನ್ನೇ ಕಲಿಸಿದ. 1934ರಲ್ಲಿ ಆ್ಯಡ್ಲರ್ ಪ್ಯಾರಿಸಿನಲ್ಲಿ ಸ್ತಾನಿಸ್ಲಾವ್‌ಸ್ಕಿಯ ಬಳಿ ಕೆಲವು ವಾರ ಕಲಿತು ಬಂದು, ನಾಟಕ ಕೊಟ್ಟ ಸನ್ನಿವೇಶ ಮತ್ತು ಕ್ರಿಯೆ ಮೊದಲು, ಸ್ವಂತ ನೆನಪು ಆಮೇಲೆ ಅಂದಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಮನೆ ಒಡೆದದ್ದು ಅಲ್ಲೇ. ಸಿನಿಮಾ ನಟ ಮಾರ್ಲನ್ ಬ್ರಾಂಡೊನನ್ನು 'ಮೆಥಡ್' ನಟ ಅಂತ ಕರೆಯುವವರು ಅವನು ಆ್ಯಡ್ಲರಳ ಶಿಷ್ಯ ಅನ್ನುವುದನ್ನು ಮರೆಯುತ್ತಾರೆ.

ಇದರ ಜೊತೆಗೆ ಸ್ತಾನಿಸ್ಲಾವ್‌ಸ್ಕಿಯ ಪುಸ್ತಕಕ್ಕೆ ಎಲಿಜಬೆತ್ ಹ್ಯಾಪ್‌ಗುಡ್ ಮಾಡಿದ ಇಂಗ್ಲಿಷ್ ಅನುವಾದವೂ ಗೊಂದಲ ಬೆಳೆಸಿತು. ಒಳಗಿನ ತಯಾರಿಯ ಭಾಗ ('ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್') 1936ರಲ್ಲಿ, ದನಿ-ದೇಹದ ಭಾಗ 1949ರಲ್ಲಿ ಬಂತು. ನಡುವಿನ 13 ವರ್ಷ ಅರ್ಧ ಪಾಠವನ್ನೇ ಪೂರ್ತಿ ಅಂದುಕೊಂಡವರು ಬಹಳ.

ಗ್ರೀನ್‌ರೂಮ್_ಕನ್ನಡಿ:
ಹ್ಯಾಪ್‌ಗುಡ್ ಮೇಲೆ ಅಷ್ಟೂ ಹೊರಿಸಬೇಡಿ ಸರ್. ರಷ್ಯನ್ನಿನಲ್ಲೂ ಮೊದಲ ಭಾಗ 1938ರಲ್ಲಿ, ಎರಡನೆಯದು 1948ರಲ್ಲಿ ಬಂತು. ಪದಗಳ ವಿಷಯಕ್ಕೆ ಬಂದರೆ ದೂರು ಸರಿ. ಪಾತ್ರ ದೃಶ್ಯದಲ್ಲಿ ಸಾಧಿಸಬೇಕಾದದ್ದಕ್ಕೆ ಮೂಲದಲ್ಲಿರುವ 'ಜದಾಚ' ರಷ್ಯದ ಮಕ್ಕಳು ಶಾಲೆಯಲ್ಲಿ ಬಿಡಿಸುವ ಲೆಕ್ಕಕ್ಕೂ ಇರುವ ಮಾತು. ಹ್ಯಾಪ್‌ಗುಡ್ ಅದನ್ನು 'ಆಬ್ಜೆಕ್ಟಿವ್', ಅಂದರೆ 'ಗುರಿ' ಮಾಡಿದರು. 'ಗುರಿ' ಅಂದರೆ ನಟ ದೂರಕ್ಕೆ ನೋಡುತ್ತಾನೆ. 'ಲೆಕ್ಕ' ಅಂದರೆ ಎದುರಿನ ಪಾತ್ರದ ಜೊತೆ ಈಗಲೇ ಬಿಡಿಸಬೇಕಾದದ್ದು ಕಾಣುತ್ತದೆ. 2008ರ ಬೆನೆಡೆಟ್ಟಿ ಅನುವಾದ 'ಆ್ಯನ್ ಆ್ಯಕ್ಟರ್ಸ್ ವರ್ಕ್'ನಲ್ಲಿ ಇದು 'ಟಾಸ್ಕ್', ಮತ್ತು ಎರಡೂ ಭಾಗ ಒಂದೇ ಸಂಪುಟದಲ್ಲಿದೆ. ದಪ್ಪ ನೋಡಿ ಹೆದರಬೇಡಿ, ಓದುವುದಾದರೆ ಅದನ್ನೇ ಓದಿ.

ತಾಲೀಮು_ಮನೆ:
ಸ್ಟ್ರಾಸ್‌ಬರ್ಗ್ ಕ್ರಮ ಹೀಗೆ. ಮೊದಲು ಕುರ್ಚಿಯಲ್ಲಿ ಕೂತು ಕತ್ತು, ದವಡೆ, ಕಣ್ಣಿನ ಸುತ್ತ ಬಿಗಿ ಬಿಡಿಸಿ. ಬಿಗಿ ಉಳಿದರೆ ಮುಂದಿನದು ಏನೂ ಬಾರದು. ನಿಜವಾದ ಬಿಸಿ ಕಾಫಿ ಲೋಟ ಹಿಡಿದು ಭಾರ, ಬಿಸಿ ಯಾವ ಬೆರಳಿಗೆ ಮೊದಲು ತಟ್ಟುತ್ತದೆ, ಹಬೆಯ ವಾಸನೆ, ಇವನ್ನು ಒಂದೊಂದಾಗಿ ಗಮನಿಸಿ. ಆಮೇಲೆ ಲೋಟ ಬದಿಗಿಟ್ಟು ಖಾಲಿ ಕೈಯಲ್ಲಿ ಅದನ್ನೇ ಹುಡುಕಿ. ಇಲ್ಲಿ ಹೆಚ್ಚಿನವರು ಕಾಫಿ ಕುಡಿಯುವಂತೆ ಅಭಿನಯಿಸಿಬಿಡುತ್ತಾರೆ. ಅದು ಮೂಕಾಭಿನಯ, ಈ ಅಭ್ಯಾಸವಲ್ಲ.

ಇದು ಕೈಗೆ ಹತ್ತಿದ ಮೇಲೆ ಭಾವಸ್ಮರಣೆ. ಕನಿಷ್ಠ 7 ವರ್ಷ ಹಳೆಯ ಘಟನೆ ಇರಬೇಕು ಅನ್ನುವುದು ಸ್ಟ್ರಾಸ್‌ಬರ್ಗನ ನಿಯಮ. ಹಸಿ ಗಾಯ ಮುಟ್ಟಿದರೆ ನಟನ ಹಿಡಿತವೇ ತಪ್ಪುತ್ತದೆ. 'ಆಗ ಎಷ್ಟು ದುಃಖವಾಯ್ತು' ಅಂತ ಕೇಳಿಕೊಳ್ಳಬಾರದು. ಗೋಡೆ ಯಾವ ಬಣ್ಣ, ಕಾಲಡಿ ತಣ್ಣಗಿತ್ತೆ, ಯಾವ ಸದ್ದು ಬರುತ್ತಿತ್ತು ಅಂತ ಕೇಳಿಕೊಳ್ಳಿ. ಭಾವ ತಾನಾಗಿ ಹಿಂದೆ ಬರುತ್ತದೆ.

ಕೆಡುವುದು ಪ್ರದರ್ಶನದಲ್ಲಿ. ನೆನಪು ಹುಡುಕುತ್ತಾ ನಟ ಒಳಗೆ ಹೋಗಿಬಿಡುತ್ತಾನೆ, ಎದುರಿನವನ ಮಾತು ಕಿವಿಗೆ ಬೀಳುವುದಿಲ್ಲ. ಗ್ರೂಪ್ ಥಿಯೇಟರಿನವನೇ ಆದ ಸ್ಯಾನ್‌ಫರ್ಡ್ ಮೈಸ್ನರ್ ಇದಕ್ಕೇ ಪುನರುಕ್ತಿ ಅಭ್ಯಾಸ ತಂದದ್ದು: ಇಬ್ಬರು ಎದುರುಬದುರು ನಿಂತು 'ನಿನ್ನ ಅಂಗಿ ನೀಲಿ', 'ನನ್ನ ಅಂಗಿ ನೀಲಿ' ಅಂತ ಹೇಳುತ್ತಾ ಹೋಗುವುದು. ಎದುರಿನವನಲ್ಲಿ ಏನಾದರೂ ಬದಲಾದಾಗ ಮಾತ್ರ ಮಾತು ಬದಲಾಗಬೇಕು, ಬೇಸರವಾಯಿತೆಂದು ಬದಲಿಸುವಂತಿಲ್ಲ.